ಹಸನಬೀ ಬದಲಿಸಿದ ದಾಳಿಂಬೆಯ ಕಥೆ

ಬೇವೂರಿನ ಬಸ್ ನಿಲ್ದಾಣದ ಹಿಂದೆ, ಹಿಟ್ಟಿನ ಗಿರಣಿಗೂ ಪಂಕ್ಚರ್ ಅಂಗಡಿಗೂ ನಡುವೆ, ಹತ್ತಿ ಹಿಂಜುವ ಅಂಗಡಿಯೊಂದಿದೆ. ಅದಕ್ಕೆ ಬೋರ್ಡಿಲ್ಲ. ಎದುರಿನ ಬೇವಿನ ಮರ ಹತ್ತಿಯ ಧೂಳು ಕುಡಿದು ವರ್ಷವಿಡೀ ತಲೆ ನರೆತಂತೆ ನಿಂತಿರುತ್ತದೆ, ಅದೇ ಗುರುತು. ಒಳಗೆ ದಾದೇಸಾಬ ಮಷೀನು ನಡೆಸುತ್ತಾರೆ. ಹೊರಗಿನ ಕಟ್ಟೆಯ ಮೇಲೆ ಅವರ ಹೆಂಡತಿ ಹಸನಬೀ ದಬ್ಬಣ ಹಿಡಿದು ಗಾದಿ ಹೊಲಿಯುತ್ತಾಳೆ. ಇಲ್ಲಿ ಬರೆಯುವಾಗ ಅವಳು, ಇವಳು ಎನ್ನುತ್ತೇನೆ. ಎದುರಿಗೆ ‘ರಿ’ ಹಚ್ಚದೆ ಮಾತಾಡಿಸುವ ಧೈರ್ಯ ನನಗಿಲ್ಲ, ಅವರ ಮನೆತನದ ಹಿರಿಯರನ್ನು ಬಿಟ್ಟರೆ ಊರಿನಲ್ಲಿ ಯಾರಿಗೂ ಇಲ್ಲ.

ಹತ್ತಿ ಹಿಂಜುವ ಪಿಂಜಾರರ ಮನೆತನ ಅವರದು. ಗಾದಿ ಹೊಲಿಯುವವರು ಕುಷ್ಟಗಿಯಲ್ಲೂ ಇದ್ದಾರೆ, ಕೊಪ್ಪಳದಲ್ಲಂತೂ ಅಂಗಡಿಗಳ ಸಾಲೇ ಇದೆ. ಆದರೂ ಮದುವೆಯ ಗಾದಿ ಎಂದರೆ ಸುತ್ತಲಿನ ಹಳ್ಳಿಯವರೆಲ್ಲ ಹಸನಬೀಯ ಕಟ್ಟೆಗೇ ಬರುತ್ತಿದ್ದರು. ಕಾರಣ ಅವಳ ಹಾಡು. ಮದುವೆಯ ಗಾದಿ ಹೊಲಿದು ಮುಗಿದ ದಿನ ಮದುಮಗಳು ಬಂದು ಅದರ ಮೇಲೆ ಕೂರಬೇಕು, ಹಸನಬೀ ಆ ಹುಡುಗಿಯ ಮೇಲೆಯೇ ಕಟ್ಟಿದ ಹಾಡು ಹೇಳಬೇಕು, ಆಮೇಲೆ ಗಾದಿ ಕಟ್ಟೆಯಿಂದ ಇಳಿಯಬೇಕು. ಇದು ಅವಳ ಅತ್ತೆಯ ಕಾಲದಿಂದ ಬಂದ ರೀತಿ. ಹಾಡಿಲ್ಲದ ಗಾದಿಯ ಮೇಲೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಾಳೆ. ತಳಕಲ್ಲಿನ ಕೊಟ್ರಬಸಪ್ಪನವರ ಮಗಳು ಸುಕನ್ಯಾ ಹಲ್ಲಿಗೆ ಹೆದರುವವಳು. ಅವಳಿಗೆ ಹೇಳಿದ್ದು ಇದು:

ಹಲ್ಲಿ ಲೊಚಗುಟ್ಟಿದರ ಗಲ್ಲಿ ದಾಟುವ ಹೆಣ್ಣ
ಎಲ್ಲೀಗಿ ಓಡಿ ಹೋದೀಯ, ಗಂಡನ ಮನಿಯ
ಹಲ್ಲಿಗೂ ಅತ್ತಿ ಇರತಾಳ

ಸುಕನ್ಯಾಳ ಅತ್ತೆಯಾಗುವವಳೂ ಅಲ್ಲೇ ಇದ್ದಳು. ನಗದೆ ಗತಿ ಇರಲಿಲ್ಲ, ನಕ್ಕಳು. ಆ ಗಾದಿಯ ಪಕ್ಕದಲ್ಲಿ ಕೂತು ನಾನೂ ನಕ್ಕಿದ್ದೇನೆ. ನಾನು ಇದೇ ಊರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಲಲಿತಾ. ಬಸ್ಸಿಗೆ ಕಾಯುವ ನೆಪದಲ್ಲಿ ಆ ಕಟ್ಟೆಯ ಮೇಲೆ ಕೂತು ಎಷ್ಟು ಬಸ್ಸು ತಪ್ಪಿಸಿಕೊಂಡಿದ್ದೇನೋ ನನಗೇ ಗೊತ್ತಿಲ್ಲ.

ಅವಳ ಒಬ್ಬಳೇ ಮಗಳು ನಾಹೀದಾ ನನ್ನ ವಿದ್ಯಾರ್ಥಿನಿ. ನಕಾಶೆಯಲ್ಲಿ ತುಂಗಭದ್ರೆಯನ್ನು ಗುರುತಿಸು ಎಂದರೆ ನದಿಯನ್ನು ಎಳೆದು ತಂದು ನೇರ ನಮ್ಮ ಯಲಬುರ್ಗಾದ ಮೇಲೆ ಹರಿಸುತ್ತಿದ್ದಳು. ಬೈದರೆ, “ಇರಲಿ ಬಿಡ್ರಿ ಅಕ್ಕೋರ, ನಮಗೂ ನೀರು ಬೇಕಲ್ರಿ” ಎನ್ನುವಳು. ಮಂಗಳೂರಿಗೆ ಕೊಟ್ಟರು. ಕಡಲ ಬದಿಯ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದೇ ದೊಡ್ಡ ಹಳ್ಳಿ. ಗಂಡ ಅಸ್ಲಮನದು ಅಲ್ಲಿ ಬೈಕ್ ರಿಪೇರಿ ಅಂಗಡಿ, ದುಡಿಯುವ ಹುಡುಗ. ಮಗಳ ಮದುವೆಯ ಗಾದಿಯನ್ನು ಹಸನಬೀ ಒಂದು ತಿಂಗಳು ಹೊಲಿದಳು. ನಾಲ್ಕು ಮೂಲೆಗೂ ಕೆಂಪು ದಾರದ ಗಂಟು ಹಾಕಿದಳು. ಬೇರೆ ಯಾರ ಗಾದಿಗೂ ಅವಳು ಕೆಂಪು ದಾರ ಹಾಕಿದ್ದನ್ನು ನಾನು ಕಂಡಿಲ್ಲ.

ಮದುವೆಯಾಗಿ ಮೂರು ವರ್ಷಕ್ಕೆ ನಾಹೀದಾಳಿಗೆ ಕಾಮಾಲೆಯಾಯಿತು. ಮೈ ಹಳದಿಯಾದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಕೈಮೀರಿತ್ತು. ಕೊಪ್ಪಳದ ದವಾಖಾನೆಯಲ್ಲಿ ಡಾಕ್ಟರರು ಮಾಡುವುದನ್ನೆಲ್ಲ ಮಾಡಿದರು, ಹುಡುಗಿ ಉಳಿಯಲಿಲ್ಲ. ಎರಡು ವರ್ಷದ ನಸೀಮಾ, ನಾಹೀದಾಳ ಮಗಳು, ಅಜ್ಜಿಯ ಸೊಂಟ ಏರಿ ಬೇವೂರಿಗೆ ಬಂತು.

ಆವತ್ತಿನಿಂದ ಹಸನಬೀ ಹಾಡಲಿಲ್ಲ. ಗಾದಿ ಹೊಲಿಯುವುದು ಬಿಡಲಿಲ್ಲ. ಮದುಮಗಳು ಬಂದು ಗಾದಿಯ ಮೇಲೆ ಕೂತು ಕಾಯುವಳು. ಹಸನಬೀ ದಾರ ಹರಿದು, “ಆತು, ಒಯ್ರಿ” ಎನ್ನುವಳು. ಸಮಾಧಾನ ಹೇಳಲು ಬಂದವರು ಮಗಳನ್ನು ದೇವರು ಕರೆಸಿಕೊಂಡನು, ಕಾಲವೇ ಎಲ್ಲ ಮರೆಸುತ್ತದೆ ಎಂದೆಲ್ಲ ಶುರು ಮಾಡಿದರೆ ಅವರ ಬಾಯಿಗೆ ಒಂದು ಹಿಡಿ ಹತ್ತಿ ತುರುಕಬೇಕು ಎಂದು ನನಗೆ ಅನಿಸುತ್ತಿತ್ತು. ಅವಳು ಮಾತ್ರ ಎಲ್ಲರಿಗೂ ಚಹಾ ಕೊಟ್ಟು ಕಳಿಸುತ್ತಿದ್ದಳು. ಅವಳು ಅತ್ತಿದ್ದರೆ ಚೆನ್ನಾಗಿತ್ತು.

ಹೋದ ವರ್ಷ ಅಸ್ಲಮ ಎರಡನೆಯ ಮದುವೆಯಾದ. ಹುಡುಗಿ ಕುಷ್ಟಗಿಯವಳು, ಖುರ್ಷಿದಾ. ಎರಡು ವರ್ಷ ಒಬ್ಬನೇ ಇದ್ದ ಗಂಡಸನ್ನು ನಾನಂತೂ ಆಡಿಕೊಳ್ಳಲಾರೆ. ಆದರೆ ಈ ಮನೆತನಗಳಲ್ಲಿ ಒಂದು ಪದ್ಧತಿಯಿದೆ. ಎರಡನೆಯ ಹೆಂಡತಿ ಮೊದಲನೆಯವಳ ತವರಿಗೂ ಮಗಳೇ. ಸತ್ತ ಮಗಳ ತಾಯಿ ಅವಳನ್ನು ಮನೆಗೆ ಕರೆದು, ಕೂರಿಸಿ, ಉಡಿ ತುಂಬಿ ಕಳಿಸಬೇಕು. ಹಾಗೆ ಕರೆದರೆ ಎರಡು ಮನೆಗಳ ನಡುವೆ ಹೋಗಿಬರುವ ಹಾದಿ ಉಳಿಯುತ್ತದೆ. ಕರೆಯದಿದ್ದರೆ ಮುಗಿಯಿತು.

ಹಸನಬೀ ಕರೆಯಲಿಲ್ಲ. ನಾಹೀದಾಳ ಸಂಬಂಧ ನೋಡಿದ್ದ, ಮನೆತನದ ಹಿರಿಯರಾದ ರಾಜಾಸಾಬರು ಬಂದು ಹೇಳಿದರು. “ಹಸನಬೀ, ಜೂನಿನ್ಯಾಗ ಕೂಸಿನ್ನ ಸಾಲಿಗಿ ಹಚ್ಚಬೇಕು. ಅಪ್ಪ ಅದಾನ, ಒಯ್ತೀನಿ ಅಂತಾನ. ಕೊಡೂದಿಲ್ಲ ಅಂತ ಹೇಳಾಕ ನಮಗ ಬಾಯಿಲ್ಲ. ನೀ ಆ ಹುಡುಗೀನ್ನ ಒಂದು ಸಲ ಕರದಿ ಅಂದ್ರ ಕೂಸು ಹೋಕ್ಕೋತ ಬರ್ಕೋತ ಇರತೈತಿ. ಬಾಗಿಲಾ ಮುಚ್ಚಿದಿ ಅಂದ್ರ ನಾಳೆ ಅವರೂ ಮುಚ್ಚತಾರ.”

“ನನ್ನ ಮಗಳ ಜಾಗಾಕ ಬಂದಾಕಿ ನನ್ನ ಹೊಸ್ತಿಲಾ ದಾಟಬಾರದು” ಎಂದಳಂತೆ ಹಸನಬೀ. ಮೊಮ್ಮಗಳನ್ನು ಉಳಿಸಿಕೊಳ್ಳುವ ಹಾದಿ ಒಂದೇ ಇತ್ತು, ಅದಕ್ಕೆ ಅವಳೇ ಕಲ್ಲು ಹೇರಿ ಕೂತಿದ್ದಳು.

ಮರುದಿನ ದಾದೇಸಾಬ ಸಾಲೆಯ ಗೇಟಿನ ಹತ್ತಿರ ಬಂದು ನಿಂತರು. ಹುಬ್ಬಿನ ಮೇಲೆಲ್ಲ ಹತ್ತಿ. “ಅಕ್ಕೋರ, ನೀವೊಂದೆರಡು ಮಾತು ಹೇಳಿ ನೋಡ್ರಿ. ನಂದೇನ ಆಕಿ ಕೇಳೂದಿಲ್ಲ. ನನ್ನ ಮಾತು ಮಷೀನಿನ ಸಪ್ಪಳ ಇದ್ದಂಗ, ಆಕೀಗಿ ರೂಢಿ ಆಗೇತಿ.”

ನೇರವಾಗಿ ಬುದ್ಧಿ ಹೇಳಿದರೆ ಕೇಳುವ ಪೈಕಿಯಲ್ಲ ಅವಳು. ಆ ವಾರ ತರಗತಿಯಲ್ಲಿ ಪ್ರಾಚೀನ ಗ್ರೀಕರ ಪಾಠ ನಡೆದಿತ್ತು. ಅವರ ಹಳೆಯ ಕಥೆಯೊಂದು ತಲೆಯಲ್ಲಿ ಸುತ್ತುತ್ತಿತ್ತು. ಸಂಜೆ ಕಟ್ಟೆಯ ಮೇಲೆ ಕೂತು, ಮಕ್ಕಳಿಗೆ ಹೇಳಿದಂತೆ ಶುರು ಮಾಡಿದೆ.

“ಗ್ರೀಸ್ ಅಂತ ಒಂದು ದೇಶ ಐತ್ರಿ. ಅಲ್ಲಿ ಬೆಳಿ ಬೆಳಸೂ ತಾಯಿ ಒಬ್ಬಾಕಿ ಇದ್ದಳಂತ.”

“ಅಲ್ಲೂ ಜ್ವಾಳ ಬಿತ್ತತಾರೇನ್ರಿ?”

“ಗೋಧಿ ಬಿತ್ತತಾರ.”

ಆ ತಾಯಿಯ ಹೆಸರು ಹೇಳಿದೆ, ಮಗಳ ಹೆಸರು ಹೇಳಿದೆ. ಎರಡೆರಡು ಸಲ ಹೇಳಿಸಿಕೊಂಡು ತಲೆ ಕೊಡವಿದಳು. “ಈ ಹೆಸರು ಹಾಡಿಗಿ ಕೂಡೂದಿಲ್ರಿ. ಬೆಳಿಯವ್ವ ಅನ್ನೂಣು. ದೇವತಿ ಗೀವತಿ ನಾ ಅನ್ನೂದಿಲ್ಲ, ತಾಯಿ ಅಂದ್ರ ಸಾಕು.”

ಹಾಡು ಎಂಬ ಮಾತು ಮೂರು ವರ್ಷದ ಮೇಲೆ ಅವಳ ಬಾಯಿಂದ ಬಂದಿತ್ತು. ನನಗೆ ಹುರುಪು ಬಂತು. ಮಗಳು ಹೂವು ಕೀಳಲು ಹೋದದ್ದು, ನೆಲ ಬಾಯಿ ತೆರೆದು ಪಾತಾಳದ ಅರಸ ಅವಳನ್ನು ಎಳೆದುಕೊಂಡು ಹೋದದ್ದು, ತಾಯಿ ದೀಪ ಹಿಡಿದು ಊರೂರು ಅಲೆದದ್ದು, ಎಲ್ಲ ಹೇಳಿದೆ. ಮಗಳು ಸಿಗದ ಸಿಟ್ಟಿಗೆ ತಾಯಿ ಭೂಮಿಯ ಮೇಲೆ ಒಂದು ಕಾಳೂ ಮೊಳೆಯದಂತೆ ಮಾಡಿದಳು ಎಂದಾಗ ಹಸನಬೀ ದಬ್ಬಣ ಎತ್ತಿ ಹಿಡಿದಳು.

“ಛಲೋ ಮಾಡಿದಳು! ನನ್ನ ಮಗಳಿಲ್ಲದ ಮ್ಯಾಲ ನಿಮಗ್ಯಾಕ ರೊಟ್ಟಿ?”

“ದೇವರುಗಳೇ ಅಂಜಿದರ್ರಿ. ಮಗಳನ್ನ ತಿರುಗಿ ಕಳಸು ಅಂತ ಪಾತಾಳದ ಅರಸಗ ಹೇಳಿದರು. ಆದರ ಒಂದು ಕಾನೂನಿತ್ತು. ಅಲ್ಲಿ ಏನರ ತಿಂದವರು ಅಲ್ಲೇ ಇರಬೇಕು. ಆ ಹುಡುಗಿ ಅರಸ ಕೊಟ್ಟ ಕೆಲವು ದಾಳಿಂಬ್ರಿ ಕಾಳು ತಿಂದುಬಿಟ್ಟಿದ್ದಳು.”

ಹಸನಬೀ ಹೊಲಿಗೆ ಬಿಟ್ಟು ತಲೆ ಎತ್ತಿದಳು. ನನ್ನನ್ನೇ ನೋಡಿದಳು. ಆಮೇಲೆ ದಬ್ಬಣವನ್ನು ಗಾದಿಗೆ ಚುಚ್ಚಿ ಎದ್ದು, “ಬಸ್ಸು ಬಂತು ನೋಡ್ರಿ ಅಕ್ಕೋರ” ಎಂದು ಒಳಗೆ ಹೋದಳು. ಬಸ್ಸೇನೂ ಬಂದಿರಲಿಲ್ಲ.

ಕಥೆ ಅರ್ಧಕ್ಕೇ ನಿಂತಿತು. ಕಾರಣ ದಾದೇಸಾಬರಿಂದ ತಿಳಿಯಿತು. ದವಾಖಾನೆಯಲ್ಲಿ ಕೊನೆಯ ದಿನ ಮಧ್ಯಾಹ್ನ ನಾಹೀದಾ ಬಾಯಿ ಒಣಗುತ್ತದೆ ಎಂದಿದ್ದಳು. ಡಾಕ್ಟರರನ್ನು ಕೇಳಿಯೇ ಹಸನಬೀ ದಾಳಿಂಬೆ ಬಿಡಿಸಿ ಒಂದೊಂದೇ ಕಾಳು ಬಾಯಿಗಿಟ್ಟಳು. ಅದೇ ಅವಳು ತಿಂದ ಕೊನೆಯ ತುತ್ತು. ಅಂದಿನಿಂದ ಆ ಮನೆಯೊಳಗೆ ದಾಳಿಂಬೆ ಬಂದಿಲ್ಲ. ಸುತ್ತೆಲ್ಲ ದಾಳಿಂಬೆಯ ತೋಟಗಳು, ಸುಗ್ಗಿಯಲ್ಲಿ ಪರಿಚಯದವರು ಬುಟ್ಟಿ ತಂದರೆ ಹೊರಗಿನಿಂದಲೇ ಬೇರೆಯವರ ಮನೆಗೆ ದಾಟಿಸುತ್ತಾಳೆ.

ನನಗೆ ಹೇಗೆ ಗೊತ್ತಾಗಬೇಕು? ಯಾರೂ ಹೇಳಿರಲಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕರು ಬಾಳೆಹಣ್ಣನ್ನೋ ಬೋರೆಹಣ್ಣನ್ನೋ ಆರಿಸಿಕೊಂಡಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ಮನಸ್ಸಿನಲ್ಲೇ ಅವರನ್ನು ಬೈದುಕೊಂಡೆ. ಕಟ್ಟೆಯ ಕಡೆ ಹೋಗಲು ಮುಖವಿಲ್ಲದೆ ಎಷ್ಟೋ ದಿನ ಬಸ್ ನಿಲ್ದಾಣದ ಬಿಸಿಲಲ್ಲೇ ನಿಂತೆ.

ಒಂದು ಭಾನುವಾರ ಬೆಳಿಗ್ಗೆ ಅವಳೇ ನನ್ನ ಮನೆಗೆ ಬಂದಳು. ಯಾರ ಮನೆಗೂ ಹೋಗುವವಳಲ್ಲ. ಕೈ ಹಿಡಿದುಕೊಂಡು ನಸೀಮಾ. ಕೂರುವುದಕ್ಕೂ ಮೊದಲೇ ಪ್ರಶ್ನೆ ಎಸೆದಳು.

“ಅಕ್ಕೋರ, ಆ ಪಾತಾಳದಾಗ ಬಿಸಿಲು ಬೀಳತೈತೇನ್ರಿ?”

“ಇಲ್ರಿ. ಪೂರ್ತಿ ಕತ್ತಲಿ.”

“ಮತ್ತ ದಾಳಿಂಬ್ರಿ ಎಲ್ಲಿಂದ ಬಂತು? ನಮ್ಮ ಕಡೆ ಇಷ್ಟು ಬಿಸಿಲಿದ್ರೂ ಗಿಡ ರೋಗಕ್ಕ ಬೀಳತಾವ. ಕತ್ತಲಾಗ ಹಣ್ಣು ಹ್ಯಾಂಗ ಆದೀತು?”

ದೇವತೆಗಳ ಊರಿಗೆ ಬಿಸಿಲು ಬೇಕಿಲ್ಲ ಎಂಬ ಉತ್ತರ ನನ್ನ ಬಾಯಿಯವರೆಗೆ ಬಂದಿತ್ತು. ನುಂಗಿಕೊಂಡೆ.

“ಹಣ್ಣು ಮ್ಯಾಲಿಂದನ ಹೋಗೇತ್ರಿ” ಎಂದಳು. “ತಾಯಿ ಕೊಟ್ಟಾಳ. ಎಳಕೊಂಡು ಹೊಂಟಾಗ ಹಿಡಿಯಾಕ ಆಗಲಿಲ್ಲ, ಉಡ್ಯಾಗ ಹಣ್ಣಿತ್ತು, ಅದನ್ನ ಕೈಯಾಗ ಹಾಕ್ಯಾಳ. ಮಗಳು ಹಸದು ಹೋಗಬಾರದಂತ. ಆ ಅರಸ ಕೊಟ್ಟ ಅಂತ ಬರದಾರಲ್ಲ, ಸುಳ್ಳು.”

ನಾನು ನೀರು ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಬಂದಾಗ ನಸೀಮಾಳನ್ನು ಮಡಿಲಲ್ಲಿ ಮಲಗಿಸಿಕೊಂಡು, ಹಾಡಿನ ಧಾಟಿಯಿಲ್ಲದೆ, ಮಾತಿನ ಹಾಗೆ ಹೇಳಿದಳು. ರಾತ್ರಿ ಹಗಲು ತಲೆಯಲ್ಲೇ ಕಟ್ಟಿದ್ದಳು.

ಹತ್ತಿ ಬಿಡಿಸಲು ಹೋಗಿ ಹೊತ್ತು ಮೀರೀತ ಮಗಳ
ಎರಿನೆಲವು ಬಾಯಿ ತೆರೆದೈತ, ನನ ಕೂಸ
ಕರೆದರೂ ದನಿಯ ಕೊಡಲಿಲ್ಲ

ಬಿತ್ತಬ್ಯಾಡ್ರೋ ಹೊಲವ, ಕೂರಿಗಿ ಕಟ್ಟಬ್ಯಾಡ್ರೋ
ಹೆತ್ತಾಕಿ ಹಾದಿ ನೋಡ್ಯಾಳ, ಊರ ಹೊಲ
ಮುತ್ತಿನ ತೆನಿಯ ಮರತಾವ

ಕೊಟ್ಟಾಕಿ ನಾನವ್ವ ಕೆಂಪು ದಾಳಿಂಬ್ರಿ ಕಾಳ
ಹೊಟ್ಟಿ ಹಸಗೊಂಡು ಹೋಗಬ್ಯಾಡ, ಕತ್ತಲಾಗ
ಬೊಗಸ್ಯಾಗ ದೀಪ ಇರಲೆಂದ

ಹೂವು ಕೀಳಲು ಹೋದ ಗ್ರೀಕ್ ಹುಡುಗಿ ಹತ್ತಿ ಬಿಡಿಸಲು ಹೋಗಿದ್ದಳು. ಬಾಯಿ ತೆರೆದ ನೆಲ ಬೇಸಿಗೆಯಲ್ಲಿ ಬಿರಿಯುವ ನಮ್ಮ ಕಪ್ಪು ಎರೆಹೊಲವಾಗಿತ್ತು. ಆ ಬಿರುಕುಗಳಲ್ಲಿ ಕರುವಿನ ಕಾಲು ಸಿಕ್ಕಿಕೊಳ್ಳುವುದನ್ನು ಕಂಡವರಿಗೆ ಪಾತಾಳದ ಬಾಗಿಲನ್ನು ಬೇರೆ ವಿವರಿಸಬೇಕಿಲ್ಲ.

“ಮುಂದ?” ಎಂದೆ.

“ಮುಂದಿಂದು ನೀವು ಹೇಳ್ರಿ. ಅವತ್ತ ಅರ್ಧಕ್ಕ ಬಿಟ್ರಲ್ಲ.”

ಅರ್ಧಕ್ಕೆ ಬಿಡಿಸಿದವಳು ಇವಳು, ದೂರು ನನ್ನ ಮೇಲೆ. ಹೇಳಿದೆ. ತಿಂದ ಕಾಳಿನ ಲೆಕ್ಕಕ್ಕೆ ತಕ್ಕಂತೆ ಮಗಳು ವರ್ಷದಲ್ಲಿ ಕೆಲವು ತಿಂಗಳು ಕೆಳಗೆ ಇರಬೇಕಾಯಿತು, ಉಳಿದ ತಿಂಗಳು ತಾಯಿಯ ಹತ್ತಿರ. ಮಗಳು ಮೇಲೆ ಬಂದಾಗ ಹೊಲ ಹಸಿರಾಗುತ್ತದೆ.

ಹಸನಬೀ ನಸೀಮಾಳನ್ನು ಎಬ್ಬಿಸಿ ಕೂರಿಸಿದಳು. “ಇದು ನನಗ ಕೂಡೂದಿಲ್ರಿ. ನೆಲದಾಗ ಇಟ್ಟು ಬಂದ ಮಗಳು ಬರೂದಿಲ್ಲ. ಬರತಾಳ ಅಂತ ನಾ ಹಾಡಿದರ ನಾ ಸುಳ್ಳಾಕಿ ಆಗತೀನಿ.”

“ಹಂಗಾರ ಹಾಡು ಹ್ಯಾಂಗ ಮುಗಸ್ತೀರಿ?”

“ಮುಗಸೂದಿಲ್ಲ” ಎಂದು ಎದ್ದು ಹೋದಳು.

ಮೇ ತಿಂಗಳು ಬಂತು. ಸಾಲೆಗೆ ರಜೆ. ನನ್ನ ತಲೆದಿಂಬುಗಳು ಗಂಟುಗಂಟಾಗಿದ್ದವು, ಹಿಂಜಿಸಲೆಂದು ಕಟ್ಟೆಗೆ ತಂದಿದ್ದೆ. ಬೇವಿನ ನೆರಳೂ ಸುಡುವ ಹೊತ್ತು. ಒಂದು ಟಂಟಂ ಆಟೋ ಬಂದು ನಿಂತಿತು. ಸುತ್ತಿ ಹಗ್ಗ ಬಿಗಿದ ದೊಡ್ಡ ಗಾದಿಯನ್ನು ಡ್ರೈವರ್ ಕಟ್ಟೆಯ ಮೇಲೆ ದೂಡಿದ. ಗಾದಿಯ ಹಿಂದೆ ಕೂತಿದ್ದ ಒಬ್ಬ ಹುಡುಗಿ ಇಳಿದಳು. ಸೆರಗು ತಲೆಯ ಮೇಲಿತ್ತು, ಮುಖವೆಲ್ಲ ಬೆವರು.

“ಗಾದಿ ಹಿಂಜಿಸೂದಿತ್ರಿ” ಎಂದಳು.

ಹಸನಬೀ ಮುಖ ನೋಡಲಿಲ್ಲ. ಅವಳಿಗೆ ಗಿರಾಕಿಗಿಂತ ಮೊದಲು ಗಾದಿ. ಹಗ್ಗ ಬಿಚ್ಚಿ ಮೂಲೆ ಎಳೆದಳು. ಕೆಂಪು ದಾರದ ಗಂಟು. ಬೆರಳು ಆ ಗಂಟಿನ ಮೇಲೆಯೇ ಉಳಿಯಿತು. ದಾದೇಸಾಬರೂ ಕಂಡರು, ಮಷೀನು ಬಂದ್ ಮಾಡಿದರು. ಹಿಟ್ಟಿನ ಗಿರಣಿಯ ಸಪ್ಪಳ ಒಂದೇ ಕೇಳುತ್ತಿತ್ತು.

“ನೀ ಖುರ್ಷಿದಾ ಏನು?” ಹಸನಬೀ ಗಂಟು ಬಿಡಲಿಲ್ಲ.

“ಹೌದ್ರಿ.” ಹುಡುಗಿ ಕಟ್ಟೆಯ ಕೆಳಗೇ ನಿಂತಿದ್ದಳು, ಮೆಟ್ಟಿಲ ಮೇಲೆ ಕಾಲಿಡಲಿಲ್ಲ. “ಕರೀಲಾರದ ಬಂದೀನಿ. ಗಿರಾಕಿ ಅಂತ ತಿಳೀರಿ. ಒಳಗ ಬರೂದಿಲ್ಲ.”

“ಅಸ್ಲಮ ಕಳಿಸ್ಯಾನೇನು?”

“ಇಲ್ರಿ, ಅವರು ಬ್ಯಾಡಂದ್ರು. ನಮ್ಮವ್ವ ಕಳಿಸ್ಯಾಳ. ಹೋಗು, ಆ ತಾಯಿ ಮಾರಿ ನೋಡಿ ಬಾ, ಬೈದರ ಬೈಸಿಕೊಂಡು ಬಾ ಅಂದ್ಳು.” ಉಸಿರು ತೆಗೆದುಕೊಂಡಳು. “ನಾಹೀದಾ ಅಕ್ಕನ ಗಾದಿ ಅಟ್ಟದ ಮ್ಯಾಲ ಸುತ್ತಿ ಇಟ್ಟಿದ್ರು. ನಾ ಅದರ ಮ್ಯಾಲ ಮಲಗಿಲ್ರಿ. ಇದನ್ನ ಒಡದು ಎರಡು ಸಣ್ಣ ಗಾದಿ ಮಾಡಿಕೊಡ್ರಿ. ಒಂದು ಅಲ್ಲಿ ಇಡತೀನಿ. ಒಂದು ಇಲ್ಲಿರಲಿ. ನಸೀಮಾ ಎಲ್ಲಿದ್ರೂ ಅವರವ್ವನ ಗಾದಿ ಮ್ಯಾಲ ಮಲಗಲಿ.”

ಇದನ್ನು ಅವಳು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದಳು ಎಂದು ಕಾಣುತ್ತದೆ. ಹೇಳಿ ಮುಗಿಸಿದ ಮೇಲೆ ಕೈ ಎಲ್ಲಿಡಬೇಕೋ ತಿಳಿಯದೆ ಸೆರಗು ತಿರುವತೊಡಗಿದಳು. ನನಗೆ ಎದ್ದು ಅವಳನ್ನು ಕೈಹಿಡಿದು ಮೇಲೆ ಕರೆದುಕೊಳ್ಳಬೇಕೆನಿಸಿತು. ಆದರೆ ಮನೆ ನನ್ನದಲ್ಲ.

ಹಸನಬೀ ಕತ್ತರಿ ತೆಗೆದುಕೊಂಡಳು. ನಾಲ್ಕು ಗಂಟುಗಳನ್ನೂ ದಾರ ಹರಿಯದಂತೆ ಬಿಡಿಸಿ ಬೆರಳಿಗೆ ಸುತ್ತಿಕೊಂಡಳು, ಆಮೇಲೆ ಹೊಲಿಗೆ ಬಿಚ್ಚಿದಳು. ಒಳಗಿನ ಹತ್ತಿ ಹೆಪ್ಪುಗಟ್ಟಿ ಹೆಂಟೆಯಾಗಿತ್ತು. ಒಂದು ಹೆಂಟೆ ಎತ್ತಿ ಮೂಗಿಗೆ ಹಿಡಿದಳು. ಏನು ಸಿಕ್ಕಿತೋ ಗೊತ್ತಿಲ್ಲ. ದಾದೇಸಾಬರ ಕಡೆ ತಿರುಗಿ, “ಹಾಕ್ರಿ ಮಷೀನಿಗಿ” ಎಂದಳು.

ಮಷೀನು ಶುರುವಾಯಿತು. ಹಳೆಯ ಹತ್ತಿ ಒಂದು ಬಾಯಿಂದ ಹೋಗಿ ಇನ್ನೊಂದು ಬಾಯಿಂದ ಬೆಳ್ಳಗೆ ಉಬ್ಬಿ ಬರತೊಡಗಿತು. ಅಂಗಡಿಯೆಲ್ಲ ಧೂಳು. ಒಳಗೆ ಮಲಗಿದ್ದ ನಸೀಮಾ ಎದ್ದು ಬಂದು ಹತ್ತಿಯ ರಾಶಿಯ ಮೇಲೆ ಬಿದ್ದಿತು. ಧೂಳಿಗೆ ಖುರ್ಷಿದಾ ಸೀನಿದಳು, ಮತ್ತೆ ಸೀನಿದಳು, ನಿಲ್ಲಲೇ ಇಲ್ಲ. ಪ್ರತಿ ಸೀನಿಗೂ ನಸೀಮಾ ಕೇಕೆ ಹಾಕಿ ನಕ್ಕಿತು. “ನಾನಿ, ಈಕೀಗಿ ಹತ್ತಿ ಬರೂದಿಲ್ಲ” ಎಂದಿತು.

“ಆಕಿ ಕುಷ್ಟಗಿಯಾಕಿ. ಪಿಂಜಾರರ ಮನಿ ನೋಡಿಲ್ಲ” ಎಂದಳು ಹಸನಬೀ. ಆಮೇಲೆ, ಇನ್ನೂ ಬಿಸಿಲಲ್ಲೇ ನಿಂತಿದ್ದ ಹುಡುಗಿಯತ್ತ ನೋಡದೆ, “ಗಿರಾಕಿಗೂ ಕೂಡ್ರಿ ಅಂತೀವಿ ನಾವು. ಮ್ಯಾಲ ಬಾ” ಎಂದಳು.

ಖುರ್ಷಿದಾ ಕಟ್ಟೆಯ ತುದಿಗೆ ಬಂದು ಕೂತಳು. ನೀರು ಕೊಟ್ಟೆ, ಗಟಗಟ ಕುಡಿದಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು. ಹಸನಬೀ ಹೊಸ ಬಟ್ಟೆ ಹರಿದು, ಹತ್ತಿ ತುಂಬಿ, ಮೊದಲ ಸಣ್ಣ ಗಾದಿಗೆ ದಬ್ಬಣ ಹಾಕಿದಳು. ಕೆಂಪು ದಾರದಲ್ಲಿ ಎರಡು ಗಂಟು ಈ ಗಾದಿಗೆ. ಇನ್ನೆರಡು ಮುಂದಿನದಕ್ಕೆ. ನಾನು ನನ್ನ ದಿಂಬುಗಳ ಮಾತೇ ಎತ್ತಲಿಲ್ಲ.

ಹೊತ್ತು ಇಳಿಯುವಾಗ ಎರಡೂ ಗಾದಿ ಮುಗಿದವು. ಹಸನಬೀ ದಾರ ಹರಿದಳು. ‘ಆತು, ಒಯ್ರಿ’ ಎನ್ನುತ್ತಾಳೆ ಎಂದು ಕಾದೆ. ಅನ್ನಲಿಲ್ಲ. ಒಂದರ ಮೇಲೆ ನಸೀಮಾಳನ್ನು ಕೂರಿಸಿದಳು. ಇನ್ನೊಂದನ್ನು ಅಂಗೈಯಿಂದ ಬಡಿದು, “ಕೂಡು” ಎಂದಳು.

ಖುರ್ಷಿದಾ ಹೆದರಿ ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. ಕೂತಳು. ಹಸನಬೀ ಗಂಟಲು ಸರಿಮಾಡಿಕೊಂಡಳು. ಮೂರು ವರ್ಷ ಮುಚ್ಚಿದ್ದ ಗಂಟಲು, ಮೊದಲ ಸಾಲು ಕೆಮ್ಮಿನಲ್ಲೇ ಹೋಯಿತು. ಮತ್ತೆ ಶುರು ಮಾಡಿದಳು. ಹತ್ತಿ ಬಿಡಿಸಲು ಹೋದ ಮಗಳು, ಬಾಯ್ತೆರೆದ ಎರೆಹೊಲ, ಬೊಗಸೆಯ ದೀಪ, ಎಲ್ಲ ಬಂದವು. ದಾದೇಸಾಬ ಮಷೀನಿಗೆ ಒರಗಿ ನಿಂತು ಟೊಪ್ಪಿಗೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹಾಡು ನಾನು ಕೇಳಿದ್ದ ಜಾಗಕ್ಕೆ ಬಂದು ನಿಂತಿತು. ಆಮೇಲೆ ನಾನು ಕೇಳಿರದ ನುಡಿ ಬಂತು, ಅಲ್ಲೇ, ಆಗಲೇ ಕಟ್ಟಿದ್ದು:

ಬಾಗಿಲಕ ಬಂದಾಕಿ ನನ ಮಗಳು ಅಲ್ಲವ್ವ
ಹೋಗಂತ ಹ್ಯಾಂಗ ಹೇಳಲೇ, ಈಕೀನೂ
ಯಾರೋ ಹಡದವ್ವ ಕಳಿಸ್ಯಾಳ

ಖುರ್ಷಿದಾ ಮುಖಕ್ಕೆ ಸೆರಗು ಒತ್ತಿಕೊಂಡು ಬಿಕ್ಕಿದಳು. ಹಸನಬೀಯೂ ಅತ್ತಳು, ಕೊನೆಗೂ, ದೊಡ್ಡ ದನಿಯಲ್ಲಿ. ಬಸ್ಸಿಗೆ ಕಾಯುತ್ತಿದ್ದವರು ಇಣುಕಿ ನೋಡುವಂತೆ ಅತ್ತಳು. ನಾನು ತಡೆಯಲಿಲ್ಲ, ನನ್ನ ಅಳುವನ್ನೇ ನನಗೆ ತಡೆಯಲಾಗುತ್ತಿರಲಿಲ್ಲ. ನಸೀಮಾ ಮಾತ್ರ ತನ್ನ ಗಾದಿಯ ಮೇಲೆ ಕುಣಿಯುತ್ತಿತ್ತು.

ಅತ್ತು ಮುಗಿಸಿ, ಮುಖ ತೊಳೆದುಕೊಂಡು ಬಂದು, ಹಸನಬೀ ಗಂಡನಿಗೆ ಹೇಳಿದಳು. “ನಿಲ್ದಾಣದ ಮುಂದ ಹಣ್ಣಿನ ಗಾಡಿ ಐತೇನು ನೋಡ್ರಿ. ದಾಳಿಂಬ್ರಿ ತರ್ರಿ.”

ದಾದೇಸಾಬ ಅಲ್ಲಾಡದೆ ನಿಂತರು.

“ಕಿವಿ ಕೇಳಲಿಲ್ಲೇನು? ಹುಡುಗಿ ಹಸದೈತಿ. ರೊಟ್ಟಿ ಬಡೀತನಕ ಏನರ ಬಾಯಿಗಿ ಬ್ಯಾಡೇನು?”

ಅವರು ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ಸ್ವಲ್ಪ ಹೊತ್ತಿಗೆ ಎದೆಗೆ ಚೀಲ ಅಪ್ಪಿಕೊಂಡು ಬಂದರು. ಹಸನಬೀ ಒಳಗಿನಿಂದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ತಂದಳು. ಖುರ್ಷಿದಾಳ ಸೆರಗು ಹಿಡಿಸಿ ಉಡಿ ತುಂಬಿದಳು. ಒಂದು ಇಡೀ ದಾಳಿಂಬೆಯನ್ನೂ ಉಡಿಗೆ ಹಾಕಿದಳು. ಇನ್ನೊಂದನ್ನು ಒಡೆದಳು. ಮೂರು ವರ್ಷ ಆ ಕೈ ಮುಟ್ಟದ ಹಣ್ಣು. ಕಾಳು ಬಿಡಿಸಿ ಹುಡುಗಿಯ ಬೊಗಸೆ ತುಂಬಿದಳು. ಹಸಿದಿದ್ದ ಖುರ್ಷಿದಾ ಮುಜುಗರ ಬಿಟ್ಟು ತಿಂದಳು. ನಸೀಮಾ ಪಕ್ಕ ಬಂದು ಕೂತು, ಅವಳ ಬೊಗಸೆಗೇ ಕೈ ಹಾಕಿ ತಾನೂ ತಿಂದಿತು.

ಹಸನಬೀ ನನ್ನತ್ತ ತಿರುಗಿದಳು. ಕಣ್ಣು ಇನ್ನೂ ಕೆಂಪಿತ್ತು, ಆದರೆ ಮದುಮಗಳನ್ನು ಕಾಡಿಸುವ ಆ ಹಳೆಯ ತುಂಟತನ ಅಲ್ಲಿ ಬಂದು ಕೂತಿತ್ತು.

“ಅಕ್ಕೋರ, ಆ ಊರಿನ ಕಾನೂನು ಏನಂದ್ರಿ? ಈ ಹುಡುಗೀಗಿ ಹೇಳ್ರಿ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. “ಯಾವ ಜಾಗದಾಗ ಎಷ್ಟು ದಾಳಿಂಬ್ರಿ ಕಾಳು ತಿಂತಾರೋ, ವರ್ಷದಾಗ ಅಷ್ಟು ದಿನ ಆ ಜಾಗಕ್ಕ ತಿರುಗಿ ಬರಬೇಕ್ರಿ” ಎಂದೆ.

“ಕೇಳಿದಿಲ್ಲ? ನೀನೂ ತಿಂದಿ, ಕೂಸೂ ತಿಂದೈತಿ. ಇನ್ನ ಸಾಲಿ ಸೂಟಿ ಬಿಟ್ಟಾಗೊಮ್ಮೆ ಇಬ್ಬರೂ ಬರಬೇಕು. ಅಸ್ಲಮಗೂ ಹೇಳು, ಇದು ಕಾನೂನು.”

ಖುರ್ಷಿದಾ ಅಗಿಯುವುದನ್ನು ನಿಲ್ಲಿಸಿ ಗಾಬರಿಯಿಂದ ತನ್ನ ಬೊಗಸೆ ನೋಡಿಕೊಂಡಳು. “ಎಷ್ಟು ತಿಂದೆ ಅಂತ ನಾ ಎಣಿಸಿಲ್ರಿ, ಅವ್ವಾ.”

ಹಸನಬೀ ಹಣ್ಣಿನ ಉಳಿದ ಅರ್ಧವನ್ನು ಬಿಡಿಸಿದಳು. ಒಂದು ಹಿಡಿ ಕಾಳನ್ನು ಆ ಬೊಗಸೆಗೆ ಸುರಿದು, ಅದರಲ್ಲೇ ನಾಲ್ಕು ಹೆಕ್ಕಿ ತನ್ನ ಬಾಯಿಗೆ ಹಾಕಿಕೊಂಡಳು.

“ಎಣಿಸಬ್ಯಾಡವ್ವ. ತಿನ್ನು.”